ಕುಂಕುಮ ಹಚ್ಚಿದ ಹಾರ್ಡ್ ಡಿಸ್ಕ್

ಈ ಕಸುಬಿಗೆ ಈಗ ತಾನೇ ಕಾಲಿಡುತ್ತಿರುವ ಹುಡುಗ ಹುಡುಗಿಯರು ನಿವೃತ್ತನಾದ ನನ್ನನ್ನು ಕಂಡಾಗ ಮರ್ಯಾದೆಗೆಂದು ಒಂದು ಪ್ರಶ್ನೆ ಕೇಳುವುದುಂಟು: "ಸರ್, ನಿಮ್ಮ ಕಾಲದಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳೋದು ಕಷ್ಟ ಇತ್ತಾ?" ಸರ್ವರ್ ನೋಡಿಕೊಳ್ಳುವುದು ಕಷ್ಟವಿರಲಿಲ್ಲ. ಅದು ಪಾಪದ ಪ್ರಾಣಿ. ಹೇಳಿದಷ್ಟು ಮಾಡುತ್ತದೆ, ಹೇಳದಿದ್ದರೆ ಸುಮ್ಮನಿರುತ್ತದೆ. ಅದರ ಸುತ್ತ ಇರುವ ಮನುಷ್ಯರು ಹೇಳಿದ್ದನ್ನು ಮಾಡುವುದಿಲ್ಲ, ಹೇಳದ್ದನ್ನೆಲ್ಲ ಭಕ್ತಿಯಿಂದ ಮಾಡುತ್ತಾರೆ. ನನ್ನ ತಲೆಗೂದಲು ಉದುರಿದ್ದು ಅವರನ್ನು ನೋಡಿಕೊಂಡು.

ನಾನಿದ್ದದ್ದು ಕಂಪ್ಯೂಟರ್ ಜೋಡಿಸಿ, ರಿಪೇರಿ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ. ರಾಮನಗರದಲ್ಲಿ ಕೂತು ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತುವುದು ಕೆಲಸ. ಎರಡು ಸಾವಿರದ ಈಚಿನ ಆ ವರ್ಷಗಳಲ್ಲಿ ರಾಗಿ ಹೊಲವಿದ್ದಲ್ಲೆಲ್ಲ ತಗಡಿನ ಶೆಡ್ಡು ಏಳುತ್ತಿದ್ದವು. ಪ್ರತಿ ಶೆಡ್ಡಿಗೂ ಒಂದು ಸರ್ವರ್ ಬೇಕು. ಲಿನಕ್ಸ್ ಬಿಟ್ಟಿ ಸಿಗುತ್ತದೆ ಎಂದು ಯಾರೋ ಪುಣ್ಯಾತ್ಮರು ಮಾಲೀಕರ ಕಿವಿಗೆ ಹಾಕಿದ್ದರು. ಬಿಟ್ಟಿ ಸಿಕ್ಕದ್ದನ್ನು ಕಾಯಲು ಒಬ್ಬ ಆಳು ಬೇಕಾಗುತ್ತದೆ ಎಂಬುದನ್ನು ಹೇಳಿರಲಿಲ್ಲ. ಆ ಆಳು ನಾನು. ನನಗೆ ಬಡ್ತಿ ಯಾವಾಗ ಬಂತು, ಯಾಕೆ ತಡವಾಯಿತು ಎಂಬುದು ನನ್ನ ಹೆಂಡತಿಯ ವಿಷಯ. ಅವಳು ಅದನ್ನು ಇನ್ನೂ ಚೆನ್ನಾಗಿ ಹೇಳಬಲ್ಲಳು. ನಾನಿಲ್ಲಿ ಬರೆಯಹೊರಟದ್ದು ರೂಟ್ ಪಾರ್ಟಿಷನ್ ಸಾಗಿಸುವ ಕೆಲಸದ ಬಗ್ಗೆ. ಯಾಕೆಂದರೆ ನೀವೂ ಒಂದು ದಿನ ಅದನ್ನು ಸಾಗಿಸುತ್ತೀರಿ, ಮತ್ತು ನಿಮ್ಮ ಬೆನ್ನ ಹಿಂದೆಯೂ ಯಾರೋ ನಿಂತಿರುತ್ತಾರೆ.

ರೂಟ್ ಪಾರ್ಟಿಷನ್ ಎಂದರೆ ಹಾರ್ಡ್ ಡಿಸ್ಕಿನೊಳಗೆ ಯಂತ್ರ ತಾನೇ ವಾಸವಾಗಿರುವ ಮನೆ. ಬೇರೆ ಕಡತಗಳನ್ನು ಎಲ್ಲಿಂದೆಲ್ಲಿಗೆ ಬೇಕಾದರೂ ಸಾಗಿಸಿ. ಇದನ್ನು ಸಾಗಿಸುವಾಗ ಮಾತ್ರ ಯಂತ್ರ ಅದರೊಳಗೇ ಕೂತು ಉಣ್ಣುತ್ತಿರುತ್ತದೆ, ಬರೆಯುತ್ತಿರುತ್ತದೆ, ಬರೆದದ್ದನ್ನು ಅಳಿಸುತ್ತಿರುತ್ತದೆ. ಒಲೆ ಉರಿಯುತ್ತಿರುವಾಗ ಅಡುಗೆಮನೆ ಹೊರಲಾಗುವುದಿಲ್ಲ. ಆದ್ದರಿಂದ ಮೊದಲು ಯಂತ್ರವನ್ನು ನಿಲ್ಲಿಸಿ ಸಿಡಿಯಿಂದ ಎಬ್ಬಿಸಬೇಕು. ಹಳೆಯ ಪಾರ್ಟಿಷನ್ನನ್ನು ಓದಲು ಮಾತ್ರ ತೆರೆಯಬೇಕು. ಒಂದೊಂದು ಕಡತವೂ ಯಾರದ್ದು, ಯಾರು ಮುಟ್ಟಬಹುದು ಎಂಬ ಗುರುತುಗಳ ಸಮೇತ ಹೊಸದಕ್ಕೆ ನಕಲಾಗಬೇಕು. ಆಮೇಲೆ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮನ್ನು ಹೊಸ ಡಿಸ್ಕಿನ ನೆತ್ತಿಯಲ್ಲಿ ಕೂರಿಸಬೇಕು. ಕೊನೆಗೆ ಹಳೆಯ ಡಿಸ್ಕನ್ನು ಕಳಚಿ, ಹೊಸದೊಂದರಿಂದಲೇ ಎಬ್ಬಿಸಿ ನೋಡಬೇಕು. ಇಷ್ಟೇ. ಒಂದು ಮಧ್ಯಾಹ್ನದ ಕೆಲಸ. ಸುತ್ತಮುತ್ತ ಯಾರೂ ಇಲ್ಲದಿದ್ದರೆ.

ಕನಕಪುರದ ಕಡೆ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನಮ್ಮ ಮ್ಯಾನೇಜರು ಮೂರ್ತಿ ಸಾಹೇಬರು ಸುತ್ತಮುತ್ತ ಇದ್ದರು. ಡಿಸ್ಕ್ ಸಣ್ಣಗೆ ನರಳುತ್ತಿತ್ತು. ಸಾಯುವ ಮುಂಚೆ ಬದಲಿಸಬೇಕಿತ್ತು. ಕಲ್ಲು ಕೊಯ್ಯುವ ಗರಗಸ ನಿಲ್ಲಿಸಲಾಗದು, ಆದ್ದರಿಂದ ಕಂಪ್ಯೂಟರೂ ನಿಲ್ಲಬಾರದು ಎಂದು ಮಾಲೀಕ ಹಟ ಹಿಡಿದ. ಗರಗಸಕ್ಕೂ ಕಂಪ್ಯೂಟರಿಗೂ ವಿದ್ಯುತ್ ಕಂಬವೊಂದನ್ನು ಬಿಟ್ಟರೆ ಯಾವ ಸಂಬಂಧವೂ ಇರಲಿಲ್ಲ.

ನಾನು ಬಾಯಿ ತೆರೆಯುವ ಮುಂಚೆ ಸಾಹೇಬರು, "ಓಡ್ತಾ ಇರ್ಲಿ ಬಿಡ್ರೀ. ಕಾಪಿ ತಾನೆ? ನೋಡ್ಕೊಂಡು ಬರೆಯೋಕೆ ಅವನು ಯಾಕೆ ನಿಲ್ಲಬೇಕು?" ಎಂದರು.

"ಸರ್, ನಾವು ಮೊದಲ ಪುಟ ಕಾಪಿ ಮಾಡಿ ಕೊನೇ ಪುಟಕ್ಕೆ ಬರೋ ಹೊತ್ತಿಗೆ ಅವನು ಮೊದಲ ಪುಟ ತಿದ್ದಿರ್ತಾನೆ."

"ನಿಮ್ಮದು ಬರೀ ಅನುಮಾನ ಕಣ್ರೀ."

ಓಡುತ್ತಿದ್ದ ಡಿಸ್ಕನ್ನು ಹಾಗೇ ನಕಲು ಮಾಡಲಾಯಿತು. ಹೊಸದು ಎದ್ದಿತು, ಎದ್ದು ಗೊಣಗಿತು. ಇಲ್ಲಿ ಒಂದು ತಪ್ಪಿದೆ, ಸರಿಪಡಿಸಲೇ? ಅಲ್ಲಿ ಒಂದು ತಪ್ಪಿದೆ, ಸರಿಪಡಿಸಲೇ? ಸಾಹೇಬರು ಪ್ರತಿ ಪ್ರಶ್ನೆಗೂ ಹೌದು ಎಂದು ವೈ ಕೀಲಿ ಒತ್ತಿದರು. ಬೆರಳು ನೋಯತೊಡಗಿದ ಮೇಲೆ ಮೇಜಿನ ಮೇಲಿದ್ದ ನುಣುಪಾದ ಗ್ರಾನೈಟ್ ಚೂರೊಂದನ್ನು ಆ ಕೀಲಿಯ ಮೇಲಿಟ್ಟು ಕಾಫಿಗೆ ಹೊರಟರು. ಹೊರಡುವ ಮುಂಚೆ, ಇನ್ನೂ ಓಡುತ್ತಲೇ ಇದ್ದ ಹಳೆಯ ಡಿಸ್ಕಿಗೂ "ಅದೂ ಒಂದ್ಸಲ ಚೆಕ್ ಆಗ್ಬಿಡ್ಲಿ" ಎಂದು ಅದೇ ಚಿಕಿತ್ಸೆ ಶುರು ಮಾಡಿದ್ದರು. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಆ ಕಾರ್ಖಾನೆಯ ಸಕಲ ಕಡತಗಳೂ ಹೆಸರು ಕಳೆದುಕೊಂಡು, ಅನಾಥಾಲಯದ ಮಕ್ಕಳಂತೆ ಬರೀ ಅಂಕಿಗಳಾಗಿ ಒಂದೇ ಕೋಣೆಯಲ್ಲಿ ಸೇರಿದ್ದವು. ಎರಡೂ ಡಿಸ್ಕಿನಲ್ಲಿ. ಗರಗಸ ಮಾತ್ರ ನಿಲ್ಲಲಿಲ್ಲ.

ಆ ಘಟನೆಯ ನಂತರ ಸಾಹೇಬರು ಒಂದು ಶಾಸನ ಹೊರಡಿಸಿದರು. ಒಂದು, ಯಂತ್ರ ನಿಲ್ಲಿಸದೆ ಯಾರೂ ರೂಟ್ ಪಾರ್ಟಿಷನ್ ಮುಟ್ಟಕೂಡದು. ಇದನ್ನು ತಾವೇ ಕಂಡುಹಿಡಿದಂತೆ ಬರೆದಿದ್ದರು. ಎರಡು, ಹೊಸ ಪಾರ್ಟಿಷನ್ನಿಗೂ ಹಳೆಯದರ ಹೆಸರನ್ನೇ ಇಡತಕ್ಕದ್ದು. ಆಗ ನಮ್ಮ ಯಂತ್ರಗಳು ರೂಟನ್ನು ಹೆಸರು ಹಿಡಿದು ಹುಡುಕುತ್ತಿದ್ದವು. ಹೆಸರು ಅದೇ ಇದ್ದರೆ ಬೇರೆಲ್ಲೂ ತಿದ್ದುವ ಗೋಜಿಲ್ಲ, ತಿದ್ದದಿದ್ದರೆ ತಪ್ಪಿಲ್ಲ. "ಎರಡಕ್ಕೂ ಒಂದೇ ಹೆಸರಿದ್ದು ಎರಡೂ ಒಟ್ಟಿಗೆ ಇದ್ದರೆ?" ಎಂದು ಕೇಳಿದೆ. "ಒಟ್ಟಿಗೆ ಯಾಕ್ರೀ ಇರುತ್ತೆ? ಹಳೇದನ್ನ ತೆಗೆದು ಬೀರುವಿಗೆ ಹಾಕಿ" ಎಂದರು. ಬೀರುವಿಗೆ ಹಾಕಿದ್ದು ಬೀರುವಿನಲ್ಲೇ ಇರುತ್ತದೆ ಎಂದು ನಂಬಿದ ಆ ಮನುಷ್ಯ ನಮ್ಮ ಸೀಮೆಯವರಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಈಗ ಬೋರೇಗೌಡರ ಮೊಟ್ಟೆ ಕೇಂದ್ರಕ್ಕೆ ಬರೋಣ.

ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ಗೌಡರು ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಬೆಳೆಗಾರರಿಗೆ ಕೊಡುವ ಕೇಂದ್ರ ನಡೆಸುತ್ತಿದ್ದರು. ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಹಾಳೆಗಳನ್ನು ಲಾಟುಗಳಾಗಿ ವಿಂಗಡಿಸಿ ತಣ್ಣನೆಯ ಕೋಣೆಯಲ್ಲಿ ಇಡುತ್ತಾರೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದಕ್ಕೆ ಗಂಟುರೋಗ ಇದ್ದರೆ ಮೊಟ್ಟೆಗೂ ಬಂದಿರುತ್ತದೆ, ಮೊಟ್ಟೆಯಿಂದ ಹುಳುವಿಗೆ, ಹುಳುವಿನ ಹಿಕ್ಕೆಯಿಂದ ತಟ್ಟೆಗೆ, ತಟ್ಟೆಯಿಂದ ಪಕ್ಕದ ಮನೆಗೆ. ಒಬ್ಬರ ಮನೆಗೆ ಬಂದರೆ ಕೇರಿಯ ಬೆಳೆಯೇ ಹೋದಂತೆ. ಅನುಮಾನವಿದ್ದ ಲಾಟಿಗೆ ಮುಂಚೆ ಡಬ್ಬದ ಮೇಲೆ ಕೆಂಪು ಬಣ್ಣ ಬಳಿಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಗೌಡರು ಬಣ್ಣದ ಡಬ್ಬಿಯನ್ನು ಆಚೆ ಹಾಕಿಸಿದರು. ಪರದೆಯ ಮೇಲೆ ಲಾಟಿನ ಎದುರು 'ತಡೆ' ಎಂದು ಬಂದರೆ ಕೊಡಕೂಡದು, ಬರದಿದ್ದರೆ ಕೊಡಬಹುದು. ಆಧುನಿಕತೆ ಎಂದರೆ ಇದೇ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ದಸರಾಕ್ಕೆ ಕೆಲವು ವಾರ ಮುಂಚೆ ಅಲ್ಲಿನ ಡಿಸ್ಕ್ ಬದಲಿಸಿದೆ. ಶಾಸನದ ಪ್ರಕಾರ ನಿಲ್ಲಿಸಿದೆ, ನಕಲು ಮಾಡಿದೆ, ಅದೇ ಹೆಸರು ಇಟ್ಟೆ. ಹಳೆಯದನ್ನು ಕಳಚಿ, 'ಮತ್ತೆ ಜೋಡಿಸಬಾರದು' ಎಂದು ದಪ್ಪಕ್ಷರದ ಚೀಟಿ ಅಂಟಿಸಿ, ಕೇಂದ್ರದ ಗುಮಾಸ್ತ ನಂಜುಂಡನ ಕೈಗೆ ಕೊಟ್ಟು ಬೀರುವಿಗೆ ಹಾಕಿಸಿದೆ. ಹೊಸದು ಚೆನ್ನಾಗಿ ನಡೆಯಿತು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಫೋನ್ ಬಂತು.

"ಸಾ, ನಂಜುಂಡ ಮಾತಾಡ್ತಿರೋದು. ಕಂಪ್ಯೂಟ್ರು ಚೆನ್ನಾಗೈತೆ. ಒಸಿ ಲಾಟು ಕಾಣಿಸ್ತಿಲ್ಲ, ಅಷ್ಟೇಯ."

"ಯಾವ ಲಾಟು?"

"ಹೊಸವೆಲ್ಲಾವಾ."

ಹೋಗಿ ನೋಡಿದರೆ ಕೇಂದ್ರದ ಮುಂದೆ ಬಾಳೆಕಂದು ಇನ್ನೂ ಬಾಡಿರಲಿಲ್ಲ. ಬೆಂಚಿನ ಮೇಲೆ ಬೆಳೆಗಾರರು ಮೊಟ್ಟೆಗಾಗಿ ಕಾದಿದ್ದರು. ಯಂತ್ರವನ್ನು ಕೇಳಿದೆ: ನಿನ್ನ ರೂಟ್ ಯಾವ ಡಿಸ್ಕಿನಲ್ಲಿದೆ? ಅದು ಹೇಳಿದ ವಿಳಾಸದಲ್ಲಿ ಡಿಸ್ಕೇ ಇರಬಾರದಾಗಿತ್ತು. ಪಕ್ಕದ ತಗಡು ತೆಗೆದೆ. ಒಳಗೆ ಎರಡು ಡಿಸ್ಕ್. ಹಳೆಯದು ತನ್ನ ಹಳೆಯ ಜಾಗದಲ್ಲೇ ಕೂತಿತ್ತು, ಹಣೆಯ ಮೇಲೆ ಅರಿಶಿನ ಕುಂಕುಮ, ಕೇಬಲ್ಲಿನ ಸಂದಿಯಲ್ಲಿ ಒಂದು ಸೇವಂತಿಗೆ.

"ಇದನ್ನ ಯಾರು ಹಾಕಿದ್ದು?"

"ಪೂಜೆ ಆಯ್ತಲ್ಲ ಎಂಜಿನಿಯರ್ರೇ," ಎಂದರು ಬೋರೇಗೌಡರು, ನಾನು ಯಾವುದೋ ಪರದೇಶದಿಂದ ಬಂದವನು ಎಂಬಂತೆ. "ಪೂಜೆಗೆ ಕೂರಿಸಿದ ಆಯುಧ ದಸಮಿ ದಿನ ಒಂದು ಕೈ ಕೆಲ್ಸ ಮಾಡ್ಬೇಕು. ಗುದ್ಲಿ ಆದ್ರೆ ನೆಲಕ್ಕೆ ಒಂದೇಟು ಹಾಕ್ತೀವಿ. ಇದನ್ನ ಸುಮ್ಕೆ ಬೀರುನಲ್ಲಿ ಬುಟ್ರೆ ಹೆಂಗೆ?"

"ಬೀರುವಿನಲ್ಲಿದ್ದದ್ದನ್ನ ಪೂಜೆಗೆ ಯಾಕೆ ಇಟ್ರಿ?"

"ಅಷ್ಟು ವರ್ಸ ದುಡಿದೈತೆ. ಮರ್ತುಬುಡಕ್ಕಾಯ್ತದಾ?"

"ಅದರ ಮೇಲೆ ಚೀಟಿ ಇರಲಿಲ್ವೇನಯ್ಯಾ ನಂಜುಂಡ?"

"ಐತಲ್ಲ ಸಾ. ಚೀಟಿ ಮೇಲೇಯ ಕುಂಕುಮ ಇಟ್ಟಿದ್ದು. ಬೇರೆ ಕಡೆ ಇಟ್ರೆ ಪುಡಿ ಒಳೀಕೋಗಿ ಕೆಟ್ಟೋಯ್ತದಲ್ಲ ಅಂತ." ಬಹಳ ಜಾಗರೂಕನಾದ ಮನುಷ್ಯ. "ನೀವು ಕಳಚಿದ್ದ ನೋಡಿದ್ದೆ. ಅದನ್ನೇ ಹಿಂದುಮುಂದು ಮಾಡ್ದೆ. ಒಂದೇ ಸಲಕ್ಕೆ ಕೂತ್ಕತು ನೋಡಿ!"

ನಡೆದದ್ದು ಇಷ್ಟು. ಯಂತ್ರ ಏಳುವಾಗ ಹೊಸ ಡಿಸ್ಕಿನಿಂದಲೇ ಎದ್ದಿತು. ಎದ್ದು ರೂಟ್ ಎಲ್ಲಿ ಎಂದು ಹೆಸರು ಹಿಡಿದು ಕೂಗಿತು. ಊರಿನಲ್ಲಿ ಇಬ್ಬರು ಬೋರೇಗೌಡರಿದ್ದರೆ ಕೂಗಿದಾಗ ಬಾಗಿಲ ಹತ್ತಿರ ಇರುವವನು 'ಓ' ಎನ್ನುತ್ತಾನೆ. ಹಳೆಯ ಡಿಸ್ಕ್ ಮೊದಲನೆಯ ಕೇಬಲ್ಲಿನಲ್ಲಿತ್ತು; ಅದು 'ಓ' ಎಂದಿತು. ಯಂತ್ರ ಅದರೊಳಗೆ ಹೋಗಿ ಕೂತು, ದಸರೆಗೆ ಮುಂಚಿನ ಲೋಕದಲ್ಲಿ ನೆಮ್ಮದಿಯಾಗಿ ಕೆಲಸ ಶುರು ಮಾಡಿತು. ಡಿಸ್ಕ್ ಬದಲಿಸಿದ ಮೇಲೆ ಆದದ್ದೊಂದೂ ಅದಕ್ಕೆ ಗೊತ್ತಿಲ್ಲ. ಹೊಸ ಲಾಟುಗಳು ಗೊತ್ತಿಲ್ಲ. ಈಚೆಗೆ ಹಾಕಿದ ತಡೆಗಳೂ ಗೊತ್ತಿಲ್ಲ.

ತಡೆ ಎಂಬುದು ತಲೆಗೆ ಬಂದಾಗ ನಂಜುಂಡನ ಕಡೆ ತಿರುಗಿದೆ. "ಬೆಳಿಗ್ಗೆಯಿಂದ ಯಾರಿಗಾದರೂ ಮೊಟ್ಟೆ ಕೊಟ್ಟಿದ್ದೀರಾ?"

"ಒಬ್ರಿಗೆ ಕೊಟ್ಟಿವ್ನಿ ಸಾ. ಕೂಟಗಲ್ ಜಯಮ್ಮಂಗೆ. ಪರದೇಲಿ ತಡೆ ಗಿಡೆ ಏನೂ ಇರ್ಲಿಲ್ಲ. ಚೆನ್ನಾಗಿ ನೋಡೇ ಕೊಟ್ಟಿದ್ದು."

"ಇನ್ನು ಯಾರಿಗೂ ಕೊಡಬೇಡಿ. ಯಂತ್ರ ನಿಲ್ಲಿಸ್ತೀನಿ."

"ಅಯ್ಯೋ, ಜನ ಕಾಯ್ತಾವ್ರೆ ಕಣ್ರೀ!" ಎಂದರು ಗೌಡರು. "ಓಡ್ತಾ ಇರೋವಾಗ್ಲೇ ಏನಾರ ಮಾಡಿ. ದಸಮಿ ಆದ ಮಾರ್ನೆ ದಿನ್ವೇ ಆಫ್ ಮಾಡ್ತಾರಾ?"

ಮೂರ್ತಿ ಸಾಹೇಬರಿಗೆ ಒಬ್ಬ ಅವಳಿ ಇದ್ದಾನೆ ಎಂದು ನನಗೆ ಆಗ ತಿಳಿಯಿತು. ಅವರ ಮಾತನ್ನು ಕೇಳಿಸಿಕೊಳ್ಳದೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದೆ. ಕ್ರಮವಾಗಿ ಎಂಬ ಮಾತನ್ನು ಎಳೆಯರು ಗಮನಿಸಬೇಕು. ಕೋಪ ಬಂದಾಗ ಕೇಬಲ್ ಎಳೆದುಬಿಡುವುದು ಬಹಳ ಹಿತವಾದ ಕೆಲಸ, ಆದರೆ ಡಿಸ್ಕಿನ ಮೇಲೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ಹಳೆಯದನ್ನು ಹೂವಿನ ಸಮೇತ ಹೊರಗಿಟ್ಟು, ಹೊಸದನ್ನು ಮೊದಲು ಓದಲು ಮಾತ್ರ ತೆರೆದು ನೋಡಿದೆ. ಯಾರೂ ಮುಟ್ಟದಿದ್ದರಿಂದ ಅದು ಸುಖವಾಗಿತ್ತು. ಎಬ್ಬಿಸಿದೆ. ಕಳೆದುಹೋದ ಲಾಟುಗಳೆಲ್ಲ ಸಾಲಾಗಿ ಬಂದು ನಿಂತವು. ಜಯಮ್ಮನಿಗೆ ಕೊಟ್ಟ ಹಳೆಯ ಲಾಟಿನ ಎದುರು ಈಗ 'ತಡೆ' ಎಂದಿತ್ತು. ಸೂಕ್ಷ್ಮದರ್ಶಕ ನೋಡುವ ಮೇಡಂ ಅದರಲ್ಲಿ ಏನೋ ಕಂಡು ಮಾದರಿಯನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ, ಉತ್ತರ ಬರುವವರೆಗೆ ಕೊಡಕೂಡದು ಎಂದು ಬರೆದು, ಹಬ್ಬಕ್ಕೆ ಊರಿಗೆ ಹೋಗಿದ್ದರು.

ಗೌಡರು ಪರದೆಗೆ ಬಗ್ಗಿ ನೋಡಿದರು. "ತಡೆ ಅಂದ್ರೆ ಅನುಮಾನ ತಾನೆ? ರೋಗ ಐತೆ ಅಂತೇನಿಲ್ಲವಲ್ಲ?"

"ಇಲ್ಲ. ಅನುಮಾನದ ಮೊಟ್ಟೆ ತಗೊಂಡು ನಿಮ್ಮ ಮನೇಲಿ ಹುಳ ಸಾಕ್ತೀರಾ?"

ಗೌಡರು ಮನೆಯಲ್ಲಿ ಹುಳು ಸಾಕಿಯೇ ಮೇಲೆ ಬಂದವರು. ಟವಲಿನಿಂದ ಮುಖ ಒರೆಸಿಕೊಂಡು, "ಲೇ ನಂಜುಂಡ, ಗಾಡಿ ತೆಗಿಯೋ. ಎಂಜಿನಿಯರ್ರನ್ನೂ ಕರ್ಕೊಂಡೋಗು" ಎಂದರು.

"ನಾನ್ಯಾಕೆ?"

"ಇವನು ಹೋಗಿ ಏನಂತಾನೆ? ಡಿಸ್ಕು ಅಂತಾನಾ?"

ಇಂತಹ ಪ್ರಯಾಣಗಳಿಗೆ ಕಂಪನಿಯಲ್ಲಿ ನಮೂನೆ ಇರಲಿಲ್ಲ. ನಂಜುಂಡನ ಮೊಪೆಡ್ಡಿನ ಹಿಂದೆ ಕೂತು ಕೂಟಗಲ್ ತಲುಪಿದೆ. ದಾರಿಯುದ್ದಕ್ಕೂ ಅವನು, ಕೂಡಿಸಿದ್ದು ಮಾತ್ರ ಸರಿಯಾಗಿತ್ತು ಅಲ್ಲವೇ ಸಾ ಎಂದು ಕೇಳುತ್ತಲೇ ಇದ್ದ.

ಜಯಮ್ಮ ಹುಳು ಮನೆಯ ಗೋಡೆಗೆ ಸುಣ್ಣ ಬಳಿದು, ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ನಿಲ್ಲಿಸಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಮೊಟ್ಟೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಆಗಲೇ ಒಳಗಿಟ್ಟಾಗಿತ್ತು. ಓರಗಿತ್ತಿಯ ಹುಳು ಮನೆ ಅವಳ ಗೋಡೆಗೇ ಅಂಟಿಕೊಂಡಿತ್ತು. ಅಲ್ಲಿ ಹುಳು ಎರಡನೆಯ ಜ್ವರಕ್ಕೆ, ಅಂದರೆ ಎರಡನೆಯ ಸಲ ಪೊರೆ ಬಿಡುವ ಹಂತಕ್ಕೆ, ಬಂದಿದ್ದವು.

"ಅಕ್ಕೋ, ಬೆಳಿಗ್ಗೆ ಕೊಟ್ನಲ್ಲ ಮೊಟ್ಟೆ, ಅದನ್ನ ಒಸಿ ವಾಪಸ್ ಕೊಡ್ಬೇಕಲ್ಲ" ಎಂದ ನಂಜುಂಡ.

"ಒಸಿ ಅಂದ್ರೆ ಎಷ್ಟ್ಲಾ?"

"ಎಲ್ಲಾವಾ."

"ಏನ್ಲಾ, ದಸರಾ ಗೊಂಬೆ ಆಡ್ಸಕ್ಕೆ ಬಂದಿದ್ದೀಯಾ? ಹುಳಕ್ಕಂತ ಬೆಳ್ದ ಸೊಪ್ಪು ಬಲಿತು ನಿಂತೈತೆ. ಈಗ ಕಿತ್ಕೊಂಡೋದ್ರೆ ಸೊಪ್ಪನ್ನ ನಿಂಗೆ ತಿನ್ನಿಸ್ಲಾ?"

ನಾನು ಮುಂದೆ ಬಂದು, ಕಂಪ್ಯೂಟರಿನಲ್ಲಿ ತಪ್ಪಾಯಿತು, ಆ ಲಾಟಿಗೆ ತಡೆ ಇತ್ತು, ಯಂತ್ರ ಹಳೆಯ ಲೆಕ್ಕ ತೋರಿಸಿತು ಎಂದು ನನ್ನ ಕೈಲಾದಷ್ಟು ಸರಳವಾಗಿ ಹೇಳಿದೆ. ಡಿಸ್ಕ್ ಎನ್ನಲಿಲ್ಲ.

"ಸಾಮಿ, ಬೆಳಿಗ್ಗೆ ಕೊಡು ಅಂದಿದ್ದೂ ಅದೇ ಮಿಸನ್ನು, ಈಗ ಕಿತ್ಕೋ ಅಂದಿದ್ದೂ ಅದೇ ಮಿಸನ್ನಾ?"

"ಹೌದಮ್ಮ."

"ರೋಗ ಐತೆ ಅಂತ ಖಾತ್ರಿನಾ?"

"ಖಾತ್ರಿ ಇಲ್ಲ. ಉತ್ತರ ಬಂದಿಲ್ಲ. ಇದ್ದರೂ ಇರಬಹುದು."

ಅವಳು ಓರಗಿತ್ತಿಯ ಹುಳು ಮನೆಯ ಕಡೆ ನೋಡಿದಳು. ಒಳಗೆ ಹೋಗಿ ಕಪ್ಪು ಕಾಗದದ ಕಟ್ಟನ್ನು ತಂದಳು. ನಂಜುಂಡ ಕೈ ಚಾಚಿದ. ಅವಳು ಅವನನ್ನು ದಾಟಿ ನೀರೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಟ್ಟನ್ನು ಹಾಗೆಯೇ ಬೆಂಕಿಗೆ ಹಾಕಿದಳು.

"ಅಕ್ಕಾ! ಗೌಡ್ರು ವಾಪಸ್ ತತ್ತಾ ಅಂದವ್ರೆ!"

"ನಿನ್ನ ಕೈಗೆ ಕೊಟ್ರೆ ನಾಳೆ ನಿನ್ನ ಮಿಸನ್ನು ಇನ್ನೊಬ್ಬಳಿಗೆ ಕೊಡು ಅಂತದೆ, ನೀನು ಚೆನ್ನಾಗಿ ನೋಡಿ ಕೊಡ್ತೀಯ. ನಿಂತ್ಕೊಂಡು ನೋಡ್ಲಾ, ಪೂರ್ತಿ ಉರೀಲಿ." ಕಟ್ಟು ಬೂದಿಯಾಗುವ ತನಕ ಅವನನ್ನು ಕದಲಗೊಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ನಾಳೀಕೆ ಬೇರೆ ಮೊಟ್ಟೆ ಬರ್ಬೇಕು ಸಾಮಿ. ನಾಳಿದ್ದಾದ್ರೆ ಸೊಪ್ಪು ನಾರಾಯ್ತದೆ. ಇವನ ಕೈಲಿ ಕಳಿಸ್ಬೇಡಿ. ನೀವೇ ತನ್ನಿ."

ಮೂರ್ತಿ ಸಾಹೇಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಡಿಸ್ಕ್ ಸರಿ ಇದೆಯಾ?" ಎಂದರು. ಇದೆ ಎಂದೆ. "ಹಾಗಾದ್ರೆ ಕಂಪ್ಲೇಂಟ್ ಕ್ಲೋಸ್ ಮಾಡ್ರಿ. ಮೊಟ್ಟೆ ನಮ್ಮ ಸರ್ವೀಸ್ ಕರಾರಲ್ಲಿ ಬರಲ್ಲ."

ಶಾಸನ ತಿದ್ದಿ ಎಂದು ಬೇಡಿಕೊಂಡೆ. ಹಳೆಯ ಪಾರ್ಟಿಷನ್ನಿನ ಹೆಸರನ್ನು, ನಕಲು ಸರಿಯಾಗಿದೆ ಎಂದು ಖಚಿತವಾದ ಕೂಡಲೇ ಬದಲಿಸಿಬಿಡಬೇಕು, ಆಗ ಯಾರು ಯಾವ ಭಕ್ತಿಯಿಂದ ಜೋಡಿಸಿದರೂ ಅದು 'ಓ' ಎನ್ನುವುದಿಲ್ಲ ಎಂದೆ. "ಅಷ್ಟು ಭಕ್ತಿ ಎಲ್ಲರಿಗೂ ಇರಲ್ಲ ಬಿಡ್ರಿ" ಎಂದರು. ನಾನು ಅವರನ್ನು ಕೇಳದೆಯೇ ಅಂದಿನಿಂದ ಹಾಗೆ ಮಾಡಿದೆ. ಕೆಲವು ವರ್ಷಗಳ ಮೇಲೆ ಪ್ರತಿ ಪಾರ್ಟಿಷನ್ನಿಗೂ ತನ್ನದೇ ಆದ ಉದ್ದನೆಯ ಗುರುತಿನ ಸಂಖ್ಯೆ ಬಂತು; ಯಂತ್ರಗಳು ಹೆಸರು ಕೂಗುವುದನ್ನು ಬಿಟ್ಟು ಆ ಸಂಖ್ಯೆ ಕೇಳತೊಡಗಿದವು. ಒಳ್ಳೆಯದೇ. ಆದರೆ ಡಿಸ್ಕನ್ನು ಒಂದಕ್ಷರವೂ ಬಿಡದೆ ಇದ್ದ ಹಾಗೇ ನಕಲು ಮಾಡಿದರೆ ಆ ಸಂಖ್ಯೆಯೂ ನಕಲಾಗುತ್ತದೆ. ಆದ್ದರಿಂದ ಎಳೆಯರೇ, ಎರಡನ್ನೂ ಒಟ್ಟಿಗೆ ಜೋಡಿಸಿಟ್ಟು ಊಟಕ್ಕೆ ಹೋಗಬೇಡಿ.

ಮಾರನೆಯ ದಿನ ಗೌಡರು ಚನ್ನಪಟ್ಟಣದ ಕಡೆಯ ಇನ್ನೊಂದು ಕೇಂದ್ರದಿಂದ ಮೊಟ್ಟೆ ಕೊಡಿಸಿದರು. ನಾನೇ ಅಲ್ಲಿಗೆ ಹೋಗಿ ಡಬ್ಬ ಪಡೆದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂಟಗಲ್ಲಿಗೆ ಹೋದೆ. ಪಕ್ಕದಲ್ಲಿ ಕೂತವರು ಏನು ಸಾರ್ ಅದು ಎಂದರು. ಸರ್ವೀಸು ಎಂದೆ.

ಜಯಮ್ಮ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಇದಕ್ಕೂ ತಡೆ ಐತಾ?"

"ಇಲ್ಲಮ್ಮ."

"ಮಿಸನ್ನು ಹೇಳಿದ್ದೋ, ನೀವು ಹೇಳ್ತಿರೋದೋ?"

"ಅಲ್ಲಿ ಸೂಕ್ಷ್ಮದರ್ಶಕ ನೋಡುವವರನ್ನೇ ಕೇಳಿಕೊಂಡು ಬಂದೆ. ನಾನೇ ಹೇಳ್ತಿದ್ದೀನಿ."

"ಅಂಗಾದ್ರೆ ಕಾಲು ತೊಳ್ಕೊಂಡು ಒಳೀಕೆ ಬನ್ನಿ" ಎಂದಳು.

ಪ್ರಯೋಗಾಲಯದ ಉತ್ತರ ಅದರ ನಡಿಗೆಯಲ್ಲಿ ಬಂತು. ಸುಟ್ಟುಹೋದ ಆ ಲಾಟಿನಲ್ಲಿ ಗಂಟುರೋಗ ಇದ್ದದ್ದು ನಿಜ. ಆ ಹೊತ್ತಿಗೆ ಜಯಮ್ಮನ ಹುಳುಗಳು ಹಣ್ಣಾಗಿ, ಸೊಪ್ಪು ಬಿಟ್ಟು, ಬಿದಿರಿನ ತಟ್ಟಿಯಾದ ಚಂದ್ರಿಕೆಯ ಮೇಲೆ ಹತ್ತಿದ್ದವು. ಸುದ್ದಿ ಹೇಳಲು ನಂಜುಂಡ ಓಡಿದ. ಅವಳು ಅವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳಂತೆ.

"ಮೆತ್ತಗೆ ಮಾತಾಡ್ಲಾ. ಒಳಗೆ ಗೂಡು ಕಟ್ತಾವೆ."